ಮುದ್ದೆ ಸರಿ, ಜೊತೆಗೆ ಕಾಳು ಎಷ್ಟಿದೆ?

ರಾಗಿ ತಿಂದರೆ ಶುಗರ್ ಏರಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಪೂರ್ತಿ ನಿಜ ಅಲ್ಲ. ರಾಗಿಯಲ್ಲೂ ಬಹುಪಾಲು ಪಿಷ್ಟವೇ ಇರುತ್ತದೆ, ಅದರಲ್ಲೂ ನುಣ್ಣಗೆ ಬೀಸಿದ ಹಿಟ್ಟನ್ನು ಗಂಜಿ ಮಾಡಿ ಕುಡಿದರೆ ಸಕ್ಕರೆ ಬೇಗನೇ ಏರುತ್ತದೆ. ಶುಗರ್ ಇರುವವರು ದೊಡ್ಡ ಲೋಟದ ತುಂಬ ಗಂಜಿ ಕುಡಿದು ನಿಶ್ಚಿಂತೆಯಾಗಿರುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಹಾಗಂತ ರಾಗಿ ಬಿಡಿ ಅಂತ ಹೇಳುತ್ತಿಲ್ಲ, ಖಂಡಿತ ಇಲ್ಲ! 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಆದರೆ ಪ್ರೋಟೀನ್ ಸುಮಾರು 7 ಗ್ರಾಂ ಅಷ್ಟೇ.

ಆ ಕೊರತೆ ತುಂಬುವುದು ಕಾಳು. ಹುರುಳಿಕಾಳಿನಲ್ಲಿ 100 ಗ್ರಾಂಗೆ 20 ಗ್ರಾಂಗೂ ಮೇಲೆ ಪ್ರೋಟೀನ್ ಇದೆ. ಬಸ್ಸಾರು ಮಾಡುವಾಗ ಕಾಳು ಸೊಪ್ಪು ಬೇಯಿಸಿ, ಕಟ್ಟು ಬಸಿದು ಸಾರಿಗೆ ಹಾಕುತ್ತೇವೆ, ಕಾಳು ಸೊಪ್ಪೆಲ್ಲ ಪಲ್ಯಕ್ಕೆ ಹೋಗುತ್ತದೆ. ಆಮೇಲೆ ಮುದ್ದೆ ಎರಡು, ಸಾರು ತಟ್ಟೆ ತುಂಬ, ಪಲ್ಯ ಮಾತ್ರ ಮೂಲೆಯಲ್ಲಿ ಒಂದು ಚಮಚ! ಇದು ತಿರುಗುಮುರುಗು ಆಗಬೇಕು, ಅಲ್ವಾ? ಮುದ್ದೆ ಒಂದು ಸಾಕು, ಪಲ್ಯ ಎರಡು ಸೌಟು ಹಾಕಿಕೊಳ್ಳಿ. ಕಾಳು ಹಾಕಿದ ಬೇರೆ ಸಾರು ಬಡಿಸುವಾಗಲೂ ಅಷ್ಟೇ, ಸುಮ್ನೆ ಮೇಲಿನ ತಿಳಿ ಬೇಡ, ಸೌಟು ತಳಕ್ಕೆ ಹೋಗಲಿ.

ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ, ಮಹಡಿ ಮೇಲಾದರೂ ಸರಿ. ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಎಳೆದುಕೊಂಡು ಬಳಸುತ್ತವೆ. ಇನ್ನೊಂದು ಮಾತು, ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಕಾಳು ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಊಟದ ಹಿಂದೆಯೇ ಕಾಫಿ, ಟೀ ಮಾತ್ರ ಬೇಡ, ಒಂದು ಗಂಟೆ ತಡವಾಗಲಿ.