ಮಳೆ ಹೊರಡುವ ಕಡೆಗೆ

ಅಮ್ಮನಿಗೆ ಮಳೆಯ ಬಗ್ಗೆ ಗೊತ್ತಿಲ್ಲದ್ದಿಲ್ಲ. ಮಳೆಗಾಲವಿಡೀ ಬೆಳಿಗ್ಗೆ ಎದ್ದ ಕೂಡಲೇ ಅಂಗಳದ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿಯುತ್ತಾರೆ. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಡೈರಿಗೆ ಬರೆಯುತ್ತಾರೆ. ಆದರೆ ಆ ಮಳೆ ಹೊರಡುವ ಕಡಲನ್ನು ಅವರು ಸರಿಯಾಗಿ ನಿಂತು ನೋಡಿರಲಿಲ್ಲ. ಅವರನ್ನು ಉಡುಪಿ ಹತ್ತಿರದ ಕಾಪು ಲೈಟ್‌ಹೌಸ್ ಹತ್ತಿಸಬೇಕು ಅಂತ ನನಗೆ ಬಹಳ ಆಸೆಯಿತ್ತು.

ಮೇ ಕೊನೆಯಲ್ಲಿ ಹೊರಟೆವು. ತೋಟಕ್ಕೆ ಗೊಬ್ಬರ ಹಾಕಿ ಆಗಿತ್ತು, ಮಳೆ ಇನ್ನೂ ಹಿಡಿದಿರಲಿಲ್ಲ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಜೋಡುಪಾಲದ ಹತ್ತಿರ ಅಮ್ಮನ ಮಾತು ನಿಂತಿತು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದ ಜಾಗ. ಈಗ ಹಸಿರು ಮುಚ್ಚಿದೆ, ಆದರೂ ನಮ್ಮವರ ಕಣ್ಣಿಗೆ ಗುರುತು ಸಿಗುತ್ತದೆ. ಸುಳ್ಯ, ಪುತ್ತೂರು, ಮಂಗಳೂರು ದಾಟಿ ಕಾಪು ಮುಟ್ಟುವಾಗ ಸಂಜೆ. ಸೆಕೆಯಂತೂ ಕೇಳಬೇಡಿ.

ಕಡಲಿನ ಪಕ್ಕದಲ್ಲೇ ಎದ್ದು ನಿಂತ ದೊಡ್ಡ ಬಂಡೆ. ಅದರ ತಲೆಯ ಮೇಲೆ ಕಪ್ಪು ಬಿಳಿ ಪಟ್ಟಿಯ ಲೈಟ್‌ಹೌಸ್. 1901ರದ್ದು, ಎತ್ತರ ಸುಮಾರು 27 ಮೀಟರ್. ಪಟ್ಟಿ ಬಳಿದಿರುವುದು ಸುಮ್ನೆ ಚೆಂದಕ್ಕಲ್ಲ. ಹಗಲು ಕಡಲಲ್ಲಿರುವವರಿಗೆ ಆ ಬಣ್ಣವೇ ಗುರುತು. ರಾತ್ರಿಯಾದರೆ ದೀಪ ಎಷ್ಟು ಹೊತ್ತಿಗೊಮ್ಮೆ ಮಿನುಗುತ್ತದೆ ಅನ್ನುವುದೇ ಗುರುತು. ಅದನ್ನು ಲೆಕ್ಕ ಹಾಕಿಯೇ ಇದು ಯಾವ ಊರಿನ ದೀಪ ಅಂತ ಹೇಳುತ್ತಾರೆ.

ಒಳಗೆ ಸುತ್ತು ಮೆಟ್ಟಿಲು. ಮೇಲೆ ಹೋದಂತೆ ಜಾಗ ಕಿರಿದಾಗುತ್ತದೆ. "ನಿಧಾನ ಅಮ್ಮಾ" ಅಂದೆ. "ಕಾಳುಮೆಣಸಿನ ಏಣಿ ಹತ್ತಿದವಳು ನಾನು, ಇದ್ಯಾವ ಲೆಕ್ಕ?" ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿ ನನಗಿಂತ ಮುಂದೆ ಹೋದರು.

ಮೇಲೆ ಗಾಳಿ ನಿಲ್ಲಲು ಬಿಡುತ್ತಿರಲಿಲ್ಲ. ಪಡುವಣದಲ್ಲಿ ನೀರು ಮುಗಿಯುವಲ್ಲಿ ಮೋಡ ಸಾಲುಗಟ್ಟಿತ್ತು. ಅಮ್ಮ ಕಂಬಿ ಹಿಡಿದು ಬಹಳ ಹೊತ್ತು ಅತ್ತಲೇ ನೋಡಿದರು.

"ಇದೇ ಗಾಳಿ ನಮ್ಮಲ್ಲಿಗೆ ಬರೋದಾ?"

"ಇಲ್ಲಿಯದು ಕುದುರೆಮುಖ, ಆಗುಂಬೆ ಕಡೆ ಹೋಗುತ್ತೆ. ನಮಗೆ ಬರೋದು ಕಾಸರಗೋಡು, ಕಣ್ಣೂರು ಕಡೆಯಿಂದ. ಬೆಟ್ಟಕ್ಕೆ ತಾಗಿ ಮೇಲೇರಿ ತಣ್ಣಗಾಗಿ ಸುರಿಯುತ್ತೆ."

"ಹೋಗಲಿ, ಅವರಿಗೂ ಬೇಕಲ್ಲ" ಅಂದರು. ಎಷ್ಟೋ ವರ್ಷದಿಂದ ಮಳೆ ಅಳೆಯುವವರ ಮುಖದಲ್ಲಿ ಆ ಹೊತ್ತು ಕಂಡ ಖುಷಿಗೇ ಈ ಪ್ರಯಾಣ ಸಾರ್ಥಕ ಅನ್ನಿಸಿತು ನನಗೆ.

ಕೆಳಗಿಳಿದ ಮೇಲೆ ಅಮ್ಮನಿಗೆ ಮನೆ ನೆನಪಾಯಿತು. ಜೂನ್ 1ರಿಂದ ಯಾಂತ್ರಿಕ ಬೋಟ್‌ಗಳು ಎರಡು ತಿಂಗಳು ಕಡಲಿಗಿಳಿಯುವುದಿಲ್ಲ. ಅಷ್ಟರೊಳಗೆ ಒಣಮೀನು ತಗೊಳ್ಳಬೇಕು. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಗಂಜಿಗೆ ಅದಿಲ್ಲದಿದ್ದರೆ ನಮ್ಮ ಮನೆಯಲ್ಲಿ ಊಟ ಇಳಿಯುವುದಿಲ್ಲ. ಪೇಟೆಯಲ್ಲಿ ಮಾರುತ್ತಿದ್ದ ಹೆಂಗಸು ಸಿಗಡಿ, ಬಂಗುಡೆ ಕಟ್ಟಿಕೊಡುತ್ತಾ, "ಮಡಿಕೇರಿಗಾ ಅಮ್ಮಾ? ಆಗಾಗ ಬಿಸಿಲಿಗೆ ಹಾಕಿ, ಇಲ್ಲದಿದ್ದರೆ ಬೂಸ್ಟು ಬರ್ತದೆ" ಅಂದರು.

"ಜುಲೈಯಲ್ಲಿ ನಮಗೆ ಬಿಸಿಲು ಎಲ್ಲಿದೆ ಅಕ್ಕ? ಒಲೆಯ ಮೇಲೆ ಹೊಗೆಗೆ ಕಟ್ತೇನೆ" ಅಂದ ಅಮ್ಮ, ಇನ್ನೊಂದು ಹಿಡಿ ಸಿಗಡಿ ಹೆಚ್ಚಿಗೆ ಹಾಕಿಸಿಕೊಂಡರು.