ಬೆಳಗ್ಗೆ 7 ಅಂದ್ರೆ 1 ಗಂಟೆ

ಮಂಡ್ಯದ ಅಕ್ಕನ ಮಗಳು ಟಾಂಜಾನಿಯಾದ ಹಳ್ಳಿ ಶಾಲೆಯಲ್ಲಿ ಒಂದು ವರ್ಷ ಲೆಕ್ಕ ಹೇಳಿಕೊಡಲು ಸ್ವಯಂಸೇವಕಿಯಾಗಿ ಹೊರಟಿದ್ದಾಳೆ. ಮೈಸೂರಲ್ಲಿ 5 ದಿನ ತರಬೇತಿ, ಊಟ ವಾಸ ಕುವೆಂಪುನಗರದ ನಮ್ಮ ಮನೆಯಲ್ಲಿ. ಮಲೇರಿಯಾ ಮಾತ್ರೆ, ಸೊಳ್ಳೆಪರದೆ, ವಿಮೆ ಎಲ್ಲ ಮೊದಲ ದಿನವೇ ಮುಗಿಯಿತಂತೆ. ಆಮೇಲೆ ಜಾಸ್ತಿ ಪಾಠ ಜನರನ್ನು ಮಾತಾಡಿಸೋದರದ್ದೇ.

ದೊಡ್ಡವರನ್ನು ಕಂಡರೆ ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ‘ಶಿಕಾಮೂ’ ಅನ್ನಬೇಕು. ಅವರು ‘ಮರಹಬಾ’ ಅಂತಾರೆ. ನಿನ್ನೆ ತಿಂಡಿ ಹೊತ್ತಿಗೆ ಅಮ್ಮನ ಮೇಲೆ ಪ್ರಯೋಗ ಆಯಿತು. ಅಮ್ಮ ದೋಸೆ ಮಗುಚುತ್ತಾ, “ಮರಹಬಾ, ಚಟ್ನಿ ಹಾಕ್ಕೊ” ಅಂದರು!

ನನ್ನ ತಲೆಗೆ ಹತ್ತದೇ ಇದ್ದದ್ದು ಸ್ವಾಹಿಲಿ ಗಂಟೆ. ನಮ್ಮ ಬೆಳಗ್ಗೆ 7 ಅಲ್ಲಿ ‘ಸಾ ಮೋಜಾ’, ಅಂದ್ರೆ 1 ಗಂಟೆ. ಹಗಲು ಶುರುವಾದಲ್ಲಿಂದ ಎಣಿಕೆ. “ಪಂಚಾಂಗದಲ್ಲಿ ಗಳಿಗೆ ಎಣಿಸೋದೂ ಸೂರ್ಯ ಹುಟ್ಟಿದ ಮೇಲೇ ಅಲ್ವಾ?” ಅಂದರು ಅಮ್ಮ. ನಾನು ಸುಮ್ಮನಾದೆ. ಕೆಲಸಕ್ಕೆ ಅಂತ ಚೆನ್ನೈಗೆ ಹೋದಾಗ ನಾನು ಒಂದು ‘ವಣಕ್ಕಂ’ ಕೂಡ ಕಲಿತು ಹೋಗಿರಲಿಲ್ಲ.

ಮೆಕ್ಕೆಜೋಳದ ಹಿಟ್ಟಿನ ಉಗಾಲಿಯನ್ನು ಕೈಯಲ್ಲೇ ಮುರಿದು, ಉಂಡೆ ಮಾಡಿ, ಸಾರಿಗೆ ಅದ್ದಿ ತಿನ್ನಬೇಕಂತೆ. ಮಂಡ್ಯದ ಹುಡುಗಿಗೆ ಇದಕ್ಕೂ ತರಬೇತಿ! ಆದರೂ ನಂಬಿಕೆ ಇಲ್ಲ ಅಮ್ಮನಿಗೆ. ಸೂಟ್‌ಕೇಸ್ ತೂಕ ಹಾಕಿದರೆ, ಬಟ್ಟೆ ಅಡಿಯಲ್ಲಿ 2 ಕೆಜಿ ರಾಗಿ ಹಿಟ್ಟು ಆಗಲೇ ಕೂತಿದೆ.