ಸಂಬಳ ನೋಡಬೇಕೋ, ಕೆಲಸದ ವಾತಾವರಣ ನೋಡಬೇಕೋ?

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಪುಣೆಗೆ ಬರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಇದನ್ನೇ. "ಅಣ್ಣಾ, ಎರಡು ಆಫರ್ ಅದಾವ. ಒಂದರಾಗ ರೊಕ್ಕ ಜಾಸ್ತಿ, ಇನ್ನೊಂದು ಕಂಪನಿ ವಾತಾವರಣ ಚಲೋ ಅಂತಾರ. ಯಾವ್ದು ತಗೊಳ್ಲಿ?"

ಹಾರ್ಡ್‌ವೇರ್ ಕೆಲಸವಾದರೆ ನನ್ನ ಉತ್ತರ ಒಂದೇ: ಸಹಿ ಹಾಕುವ ಮೊದಲು ಲ್ಯಾಬ್ ನೋಡಿ ಬಾ.

ಸಾಫ್ಟ್‌ವೇರ್‌ನಲ್ಲಿ ತಪ್ಪಾದರೆ ಸಂಜೆಯೊಳಗೆ ತಿದ್ದಿ ಕಳಿಸಬಹುದು. ಸರ್ಕ್ಯೂಟ್ ಬೋರ್ಡ್‌ನಲ್ಲಿ ಎರಡು ಪಿನ್ ಅದಲುಬದಲಾದರೆ ಜಂಪರ್ ತಂತಿ ಬೆಸೆದು ಒದ್ದಾಡಬೇಕು. ಅದಕ್ಕೂ ಬಗ್ಗದಿದ್ದರೆ ಹೊಸ ಪಿಸಿಬಿ, ಅಂದರೆ ಖಾಲಿ ಬೋರ್ಡನ್ನೇ ಮತ್ತೆ ಮಾಡಿಸಬೇಕು. ಅದು ಬಂದು, ಪಾರ್ಟ್ಸ್ ಕೂರಿಸಿ, ಮತ್ತೆ ಪವರ್ ಕೊಡುವಷ್ಟರಲ್ಲಿ ವಾರಗಳೇ ಹೋಗಿರುತ್ತವೆ. ಚಿಪ್ ಆದರಂತೂ ತಿಂಗಳುಗಳು. ಆ ದಿನಗಳಲ್ಲಿ ಮ್ಯಾನೇಜರ್ ನಿನ್ನ ಜೊತೆ ಹೇಗೆ ನಡೆದುಕೊಳ್ಳುತ್ತಾನೆ ಅನ್ನೋದೇ ವಾತಾವರಣ. ಪುಕ್ಕಟೆ ಊಟ, ಟೇಬಲ್ ಟೆನಿಸ್ ಎಲ್ಲ ಸುಮ್ನೆ.

ಲ್ಯಾಬ್‌ನಲ್ಲಿ ಆಸಿಲ್ಲೋಸ್ಕೋಪ್ ಹತ್ತಿರ ಹೋಗು, ಅದೇ ಸಿಗ್ನಲ್‌ನ ಅಲೆಯನ್ನು ಪರದೆಯ ಮೇಲೆ ತೋರಿಸುವ ಯಂತ್ರ. ಅದರ ಮೇಲೆ ಅಳತೆ ಸರಿಯಿದೆಯಾ ಅಂತ ಪರೀಕ್ಷಿಸಿದ ಕ್ಯಾಲಿಬ್ರೇಷನ್ ಸ್ಟಿಕ್ಕರ್ ಇರುತ್ತದೆ. ತಾರೀಖು ಎಂದೋ ದಾಟಿದೆಯಾ? ಬೋರ್ಡ್‌ಗೆ ತಾಗಿಸುವ ಪ್ರೋಬ್‌ನ ಗ್ರೌಂಡ್ ಕ್ಲಿಪ್ ಕಿತ್ತುಹೋಗಿ, ಆ ಜಾಗದಲ್ಲಿ ಉದ್ದನೆಯ ತಂತಿ ಸುತ್ತಿದ್ದಾರಾ? ಆ ತಂತಿ ಸುತ್ತಲಿನ ನಾಯ್ಸ್ ಎಲ್ಲ ಹಿಡಿದು, ಸಿಗ್ನಲ್‌ನಲ್ಲಿ ಇಲ್ಲದ ನಡುಕ (ರಿಂಗಿಂಗ್) ತೋರಿಸುತ್ತದೆ. ಇಲ್ಲದ ದೋಷ ಹುಡುಕುತ್ತಾ ರಾತ್ರಿ ಕೂರುವುದು ಮ್ಯಾನೇಜರ್ ಅಲ್ಲ, ನೀನು.

ಆಮೇಲೆ ಒಂದು ಮಾತು ಕೇಳು. ಪುಣೆಯಲ್ಲಿ ವಾಹನಗಳ ಎಲೆಕ್ಟ್ರಾನಿಕ್ಸ್ ಕೆಲಸ ಜಾಸ್ತಿ, ಒಂದು ಸಾಧನದ ವಿದ್ಯುತ್ಕಾಂತೀಯ ನಾಯ್ಸ್ ಇನ್ನೊಂದಕ್ಕೆ ತೊಂದರೆ ಕೊಡುತ್ತದಾ ಅಂತ ನೋಡುವ ಇಎಂಸಿ ಪರೀಕ್ಷೆ ತಪ್ಪಿದ್ದಲ್ಲ. ಕೋತ್ರೂಡ್‌ನಲ್ಲಿರುವ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐನಲ್ಲೇ ಅದಕ್ಕೆ ವ್ಯವಸ್ಥೆ ಇದೆ. "ಹಿಂದಿನ ಬೋರ್ಡ್ ಇಎಂಸಿಯಲ್ಲಿ ಫೇಲ್ ಆದಾಗ ಏನು ಮಾಡಿದಿರಿ?" ಅನ್ನು. ಫಿಲ್ಟರ್, ಶೀಲ್ಡಿಂಗ್, ಲೇಔಟ್ ಅಂತ ಮಾತು ಶುರುವಾದರೆ ಒಳ್ಳೆಯದು. ಯಾರದೋ ಹೆಸರು ಹೇಳಿ ನಕ್ಕರೆ, ಮುಂದಿನ ಸಲ ಆ ಹೆಸರು ನಿನ್ನದೇ ಆಗಬಹುದು, ಅಲ್ವಾ?

ಇನ್ನು ಸಂಬಳ. ಸಿಟಿಸಿ (ನಿನ್ನ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು) ಬಿಡು, ಕೈಗೆ ಬರುವುದನ್ನು ಹೋಲಿಸು. ಕಂಪನಿ ಕಟ್ಟುವ ಪಿಎಫ್ ಸಾಮಾನ್ಯವಾಗಿ ಸಿಟಿಸಿಯ ಒಳಗೇ ಇರುತ್ತದೆ. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯನ್ನೂ ಸೇರಿಸಿರುತ್ತಾರೆ, ಆದರೆ ಕಾಯಂ ನೌಕರರಿಗೆ ಅದು ಸಿಗುವುದು ಸಾಮಾನ್ಯವಾಗಿ 5 ವರ್ಷ ದುಡಿದ ಮೇಲೆ. ಷೇರು ಕೊಟ್ಟರೆ, ಸಾಮಾನ್ಯವಾಗಿ ಅವು ಕೈಸೇರಿದ ದಿನವೇ ಸಂಬಳದಂತೆ ತೆರಿಗೆ ಬೀಳುತ್ತದೆ. ಕೆಲಸ ಪುಣೆ ಹೊರವಲಯದ ಚಾಕಣದಲ್ಲೋ ಹಿಂಜವಡಿಯಲ್ಲೋ ಅನ್ನೋದೂ ಲೆಕ್ಕಕ್ಕೆ ಬರಬೇಕು. ಬೋರ್ಡ್ ಲ್ಯಾಬ್‌ನಲ್ಲಿರುವಾಗ ಮನೆಯಿಂದ ಕೆಲಸ ಅನ್ನೋದು ಬಾಯಿಮಾತು. (ಹಿಂಜವಡಿ ಟ್ರಾಫಿಕ್ ಬಗ್ಗೆ ನನ್ನ ಬಾಯಿ ಬಿಡಿಸಬೇಡಿ.)

ಮನೆಯಲ್ಲಿ ಸಾಲ ಇದ್ದರೆ ಜಾಸ್ತಿ ಸಂಬಳದ ಕಡೆ ಹೋಗು, ಅದರಲ್ಲಿ ನಾಚಿಕೆ ಏನಿಲ್ಲ. ಹಾಗಿಲ್ಲ, ಕೈಗೆ ಬರುವುದರಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೇ ಅಂದರೆ, ಮೊದಲ ಕೆಲಸಕ್ಕೆ ನಾನು ಒಳ್ಳೆಯ ಲ್ಯಾಬನ್ನೇ ಹೇಳುತ್ತೇನೆ. ಆದರೆ "ನಮ್ಮಲ್ಲಿ ಎಲ್ಲ ಒಂದೇ ಕುಟುಂಬ" ಅಂತ ಸಂಬಳ ಇಳಿಸುವವರನ್ನು ಕಂಡರೆ ನನಗೆ ಅನುಮಾನ. ಪ್ರೋಬ್‌ಗೆ ದುಡ್ಡು ಬಿಚ್ಚುವ ಕಂಪನಿ ಮನುಷ್ಯರಿಗೂ ಬಿಚ್ಚುತ್ತದೆ.

ಮೂಲ ಅಂಕಪಟ್ಟಿ ನಮ್ಮ ಹತ್ತಿರ ಇರಲಿ ಅಂತ ಯಾರಾದರೂ ಕೇಳಿದರೆ ಈ ಲೆಕ್ಕ ಯಾವುದೂ ಬೇಡ, ಎದ್ದು ಬಾ.